ಶುಕ್ರವಾರದ ಹಾಳೆ

ಆ ಸೋಮವಾರ ತಂಗಿ ನನ್ನ ಕಡೆ ತಿರುಗಿ, "ಇದನ್ನ ನಿಂಗೆ ತೋರಿಸೇ ಇಲ್ಲ ಅಲ್ವಾ ಅಣ್ಣಾ?" ಎಂದು ಕೇಳಿದಾಗ ನಾನು "ತೋರಿಸಿದ್ದಳು" ಎನ್ನಬೇಕಿತ್ತು. ಅನ್ನಲಿಲ್ಲ. ಹದಿಮೂರು ವರ್ಷದ ಅವಳ ಮಗಳು ನನ್ನೆದುರೇ ನಿಂತು, ನಾನು ಮಾಡಿದ ಕೆಲಸಕ್ಕೆ ಬೈಸಿಕೊಳ್ಳುತ್ತಿದ್ದಳು. ನಾನು ಹೌದೂ ಅಲ್ಲದ, ಇಲ್ಲವೂ ಅಲ್ಲದ ಹಾಗೆ ತಲೆ ಅಲ್ಲಾಡಿಸಿ, ಟೀ ಕುಡಿದ ಲೋಟ ತೊಳೆಯಲು ಎದ್ದು ಹೋದೆ. ಲೋಟ ತೊಳೆಯುವುದಕ್ಕೆ ಎಷ್ಟು ಹೊತ್ತು ಬೇಕು? ಒಳಗೆ ಮಾತು ನಿಲ್ಲುವ ತನಕ ತೊಳೆಯುತ್ತಲೇ ಇದ್ದೆ.

ಮನೆಯಲ್ಲಿ ನಾವು ಮೂವರು: ತಂಗಿ, ಅವಳ ಮಗಳು, ನಾನು. ತಂಗಿಯ ಆಫೀಸು ಇಲ್ಲೇ, ಜಪಾನಿನ ಮಿನಾಟೋದಲ್ಲಿ. ಒಂದು ವರ್ಷದಿಂದ ಅವಳನ್ನು ದೂರದ ಫುಕುವೋಕಾದ ಹೊಸ ಶಾಖೆಗೂ ಹಾಕಿದ್ದಾರೆ. ಮಂಗಳವಾರ ಬೆಳಿಗ್ಗೆ ಹೊರಟರೆ ಶನಿವಾರವೇ ಅವಳ ಮುಖ ಕಾಣುವುದು. ಅವಳ ಗಂಡ ಜೊತೆಗಿಲ್ಲ. ಆ ವಿಷಯ ನಾನು ಬರೆಯುವಂಥದ್ದಲ್ಲ. ನಾನು ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಸಿಗುವ ಇಂಡಿಯನ್ ಹೋಟೆಲಿನಲ್ಲಿ ಅಡುಗೆಯವನು. ದೋಸೆ ಮಾಸ್ಟರ್ ಬೇಕು ಎಂದು ಮೈಸೂರಿನಿಂದ ಕರೆಸಿಕೊಂಡರು. ಬಂದ ಮೇಲೆ ಗೊತ್ತಾಯಿತು, ಇಲ್ಲಿನ ಜನ ಇಂಡಿಯನ್ ಹೋಟೆಲಿಗೆ ಬರುವುದು ತಟ್ಟೆಯಿಂದ ಆಚೆ ಚಾಚಿಕೊಂಡಿರುವ ನಾನ್ ತಿನ್ನಲು. ಹಾಗಾಗಿ ಆರು ವರ್ಷದಿಂದ ತಂದೂರಿ ಒಲೆಯ ಮುಂದೆ ನಿಂತಿದ್ದೇನೆ. ಬೆಳಿಗ್ಗೆ ಹತ್ತರಿಂದ ಮೂರು, ಮತ್ತೆ ಐದೂವರೆಯಿಂದ. ನಡುವೆ ಸಿಗುವ ಹೊತ್ತಿನಲ್ಲಿ ಮನೆಗೆ ಬಂದು ನೆಲದ ಮೇಲೆ ಬೆನ್ನು ಚಾಚುತ್ತೇನೆ. ಸೋಮವಾರ ಹೋಟೆಲಿಗೆ ರಜೆ.

ನಾನು ಓದಿದ್ದು ಏಳನೇ ಕ್ಲಾಸು, ಕನ್ನಡ ಶಾಲೆಯಲ್ಲಿ. ಇಂಗ್ಲಿಷ್ ಅಕ್ಷರಗಳನ್ನು ಗುರುತಿಸುತ್ತೇನೆ. ರೈಲ್ವೆ ಸ್ಟೇಷನ್ನಿನ ಹೆಸರು ಓದುತ್ತೇನೆ, ಅಕ್ಕಿ ಮೂಟೆಯ ಮೇಲಿರುವುದನ್ನು ಓದುತ್ತೇನೆ. ಒಂದು ಪೂರ್ತಿ ಸಾಲು ಬಂದರೆ ಅಕ್ಷರಗಳು ಕಾಣುತ್ತವೆ, ಅರ್ಥ ಕಾಣುವುದಿಲ್ಲ. ಒಡಹುಟ್ಟಿದವಳಿಗೆ ಇದು ಗೊತ್ತಿರಬೇಕು ಎಂದು ನಿಮಗೆ ಅನ್ನಿಸಬಹುದು. ಗೊತ್ತಿರಲಿಲ್ಲ. ನಾನು ಶಾಲೆ ಬಿಟ್ಟಾಗ ಅವಳು ಅಂಗನವಾಡಿಗೆ ಹೋಗುತ್ತಿದ್ದಳು. ಅವಳು ದೊಡ್ಡವಳಾಗಿ ಇಂಗ್ಲಿಷ್ ಕಲಿಯುವ ಹೊತ್ತಿಗೆ ನಾನು ಹೋಟೆಲುಗಳಲ್ಲಿ ಬೆಳೆದಿದ್ದೆ. "ನಂಗೇನೇ, ದಿನಾ ಗಿರಾಕಿಗಳ ಹತ್ರ ಇಂಗ್ಲಿಷಲ್ಲೇ ಮಾತಾಡ್ತೀನಿ" ಎಂದು ನಾನೇ ಹೇಳಿಕೊಂಡು ಬಂದಿದ್ದೆ. ಮಾತಿನ ಮಟ್ಟಿಗೆ ಸುಳ್ಳಲ್ಲ. ಮಾತು ಬರುತ್ತದೆ, ಓದು ಬರುವುದಿಲ್ಲ. ಆ ಎರಡನೆಯ ಅರ್ಧವನ್ನು ನಾನು ಯಾರಿಗೂ ಹೇಳಿರಲಿಲ್ಲ.

ಹುಡುಗಿ ಹೋಗುವುದು ಅಮೆರಿಕದ ಪಠ್ಯ ಕಲಿಸುವ ಶಾಲೆಗೆ. ಎಂಟನೇ ಕ್ಲಾಸಿನಲ್ಲಿ ಅವರಿಗೆ ಅಮೆರಿಕದ ಚರಿತ್ರೆ. ಮೊದಲ ದಿನ ಪುಸ್ತಕ ತಂದಾಗ ನಾನು ತಮಾಷೆ ಮಾಡಿದ್ದೆ.

"ಅಲ್ಲಮ್ಮಾ, ಕೂತಿರೋದು ಜಪಾನಲ್ಲಿ, ಊರು ಮೈಸೂರು, ಓದೋದು ಅಮೆರಿಕಾನಾ? ಎಲ್ಲಿ, ಒಬ್ಬ ಮೈಸೂರು ಮಹಾರಾಜರ ಹೆಸರು ಹೇಳು ನೋಡೋಣ."

"ಮಾಮಾ, ಅದು ಟೆಸ್ಟ್‌ಗೆ ಬರಲ್ಲ."

"ಬರದೇ ಇರೋದನ್ನೇ ಕೇಳೋದು ನಾನು."

"ಹಾಗಿದ್ರೆ ಯು ಆರ್ ಎ ಬ್ಯಾಡ್ ಟೀಚರ್," ಎಂದು ನಕ್ಕಿದ್ದಳು.

ಅವತ್ತೇ ಒಂದು ಹಾಳೆಯನ್ನೂ ತಂದಿದ್ದಳು. ಆ ಕ್ಲಾಸಿನಲ್ಲಿ ಹೇಗೆ ನಡೆದುಕೊಳ್ಳಬೇಕು ಎಂಬ ನಿಯಮಗಳು. ತಂಗಿ ಓದಿ ಸಹಿ ಹಾಕಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಹುಡುಗಿ ನನಗೆ ಅದನ್ನು ಒಂದೊಂದಾಗಿ ಹೇಳಿದ್ದಳು. ಒಳಗೆ ಹೋಗುವಾಗ ಬಾಗಿಲಲ್ಲಿ ನಿಂತ ಟೀಚರಿಗೆ ಗುಡ್ ಮಾರ್ನಿಂಗ್ ಹೇಳಬೇಕು. ಬೋರ್ಡಿನ ಮೇಲೆ ಒಂದು ಪ್ರಶ್ನೆ ಇರುತ್ತದೆ. ಮೊದಲ ಐದು ನಿಮಿಷ ಯಾರೂ ಉಸಿರೆತ್ತದೆ ಅದಕ್ಕೆ ಉತ್ತರ ಬರೆಯಬೇಕು. ನೋಟ್‌ಬುಕ್ಕಿನ ಎಡಗಡೆಯ ಪುಟ ಟೀಚರ್ ಹೇಳಿದ್ದಕ್ಕೆ, ಬಲಗಡೆಯದು ನಮಗೆ ಅನ್ನಿಸಿದ್ದಕ್ಕೆ. ಬೇರೆಯವರ ಮಾತನ್ನು ಒಪ್ಪದೇ ಇರಬಹುದು, ಆದರೆ ಯಾಕೆ ಎಂದು ಹೇಳಬೇಕು. ಗೊತ್ತಿಲ್ಲ ಎನ್ನುವುದು ತಪ್ಪಲ್ಲ. ಸುಮ್ಮನೆ ಕೂರುವುದು ಮಾತ್ರ ತಪ್ಪು.

ನಮ್ಮ ಶಾಲೆಯಲ್ಲಿ ಮೇಷ್ಟ್ರು ಹೇಳುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು. ನಮಗೆ ಅನ್ನಿಸಿದ್ದಕ್ಕೆ ಪುಟವೇ ಇರಲಿಲ್ಲ. ಈ ನಿಯಮ ಕೇಳಿ ನನಗೆ ನಗು ಬಂದಿತ್ತು. ಹೋಟೆಲಿನ ಅಡುಗೆಮನೆಯ ಗೋಡೆಯಲ್ಲೂ ನಿಯಮಗಳಿವೆ, ಕೈ ತೊಳೆಯುವುದಕ್ಕೇ ಆರು ಚಿತ್ರ. ಅದಾದರೆ ಚಿತ್ರ ನೋಡಿ ಮಾಡಬಹುದು.

ಎಲ್ಲಕ್ಕಿಂತ ಕೊನೆಯ ನಿಯಮ ಶುಕ್ರವಾರದ ಹಾಳೆಯದು. ಆ ವಾರ ಕಲಿತದ್ದನ್ನು ಮಗು ಮನೆಯಲ್ಲಿರುವ ಒಬ್ಬ ದೊಡ್ಡವರಿಗೆ ಹತ್ತು ನಿಮಿಷ ತನ್ನದೇ ಮಾತಿನಲ್ಲಿ ಹೇಳಬೇಕು. ಕೇಳಿದವರು ಒಂದು ಪ್ರಶ್ನೆ ಕೇಳಬೇಕು. ಆ ಪ್ರಶ್ನೆಯನ್ನು ಹಾಳೆಯಲ್ಲಿ ಬರೆದು, ಕೆಳಗೆ ಸಹಿ ಹಾಕಬೇಕು. ಸೋಮವಾರ ಮಗು ಅದೇ ವಿಷಯವನ್ನು ಕ್ಲಾಸಿನಲ್ಲಿ ಎದ್ದು ನಿಂತು ಹೇಳುತ್ತದೆ. ಅದಕ್ಕೆ ಅಂಕ.

"ಶುಕ್ರವಾರ ನಾನಿರಲ್ಲ ಅಣ್ಣಾ," ಎಂದಳು ತಂಗಿ. "ನೀನು ಕೇಳಿಸ್ಕೊ. ನಿನ್ನ ಸೈನೇ ಹಾಕು. ಟೀಚರ್ ಏನಾದ್ರೂ ಬರೆದಿದ್ರೆ ನಂಗೊಂದು ಫೋಟೋ ಕಳಿಸು, ಅಷ್ಟೇ."

"ಅದೇನ್ ಮಹಾ," ಎಂದೆ.

ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ. ತಂಗಿ ಶಾಲೆಗೆ ಹೋಗುವಾಗ ಅವಳ ಪ್ರೋಗ್ರೆಸ್ ಕಾರ್ಡಿಗೆ ಸಹಿ ಹಾಕುತ್ತಿದ್ದವನು ನಾನೇ. ಅಪ್ಪನಿಗೆ ಸಹಿ ಬರುತ್ತಿರಲಿಲ್ಲ. ಅಂಕ ಎಷ್ಟು ಬಂದಿದೆ ಎಂದು ನಾನು ಒಮ್ಮೆಯೂ ನೋಡಿದ ನೆನಪಿಲ್ಲ. ಸಹಿ ಎಂದರೆ ಕಾರ್ಡು ಮನೆಗೆ ತಲುಪಿತು ಎಂದಷ್ಟೇ ಅರ್ಥ. ಈ ಹಾಳೆಯ ಮೇಲಿನ ಸಹಿಗೆ ಬೇರೆ ಅರ್ಥವಿತ್ತು. ಈ ಮಗುವಿನ ಮಾತನ್ನು ನಾನು ಕೂತು ಕೇಳಿದ್ದೇನೆ ಎಂದು ಅದು ಹೇಳುತ್ತಿತ್ತು.

ಮೊದಲ ಐದು ಶುಕ್ರವಾರ ಕೇಳಿದೆ. ಅವಳು ನಾಲ್ಕು ಗಂಟೆಗೆ ಬರುತ್ತಾಳೆ. ನಾನು ಮಲಗಿರುತ್ತಿದ್ದೆ, ತೋಳಿಗೆ ಒಲೆಯ ಕಾವು ಇನ್ನೂ ಅಂಟಿರುತ್ತಿತ್ತು. ಅವಳು ನನ್ನ ತಲೆಯ ಹತ್ತಿರ ಕಾಲು ಮಡಚಿ ಕೂತು, ಕನ್ನಡ ಸಾಲದ ಕಡೆ ಇಂಗ್ಲಿಷ್ ತುಂಬಿ, ಅದೂ ಸಾಲದಿದ್ದರೆ ಜಪಾನೀ ತುಂಬಿ ಹೇಳುತ್ತಿದ್ದಳು. ಮೂರನೆಯ ವಾರ ಜನ ಸಿಟ್ಟಿಗೆದ್ದು ಹಡಗಿನಲ್ಲಿದ್ದ ಟೀ ಪೆಟ್ಟಿಗೆಗಳನ್ನೆಲ್ಲ ಸಮುದ್ರಕ್ಕೆ ಸುರಿದ ಕಥೆ.

"ಎಲ್ಲಾ ಟೀನೂ?"

"ಎಲ್ಲಾನೂ. ಫುಲ್ ಶಿಪ್."

"ಅಷ್ಟು ಟೀ ಬಿದ್ರೆ ಮೀನುಗಳಿಗೆ ಏನಾಯ್ತು?"

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅದನ್ನೇ ಹಾಳೆಯಲ್ಲಿ ಬರೆದುಕೊಂಡಳು. ಮುಂದಿನ ವಾರ ಓಡುತ್ತಾ ಬಂದು, "ಮಾಮಾ, ನಿನ್ನ ಫಿಶ್ ಕ್ವೆಶ್ಚನ್ ಬಗ್ಗೆ ಇಡೀ ಕ್ಲಾಸ್ ಮಾತಾಡ್ತು!" ಎಂದಳು.

"ಎಲ್ರೂ ನಕ್ರಾ?"

"ನಕ್ರು. ಬಟ್ ಇನ್ ಎ ಗುಡ್ ವೇ."

ನಾನು ಕೇಳಿಸಿಕೊಂಡಿದ್ದು "ನಕ್ರು" ಎಂಬುದನ್ನು ಮಾತ್ರ. ಜೊತೆಗೆ ಟೀಚರ್ ನನ್ನ ಸಹಿಯ ಸುತ್ತ ಒಂದು ಗೆರೆ ಎಳೆದಿದ್ದರು. ನಾನು ಹಾಕುವುದು ಕನ್ನಡ ಸಹಿ. ಈ ಬರಹ ತುಂಬಾ ಚೆನ್ನಾಗಿದೆ, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಹೆಸರು, ಮಗುವಿಗೆ ಏನಾಗಬೇಕು ಎಂದು ಬರೆಯಿರಿ ಎಂದು ಬರೆದಿದ್ದಾರೆಂದು ಹುಡುಗಿ ಓದಿ ಹೇಳಿದಳು. ಬರೆಯುವುದಕ್ಕೆ ಪೆನ್ನು ಹಿಡಿದೆ. ಮೂರು ಅಕ್ಷರ ಬರೆಯುವಷ್ಟರಲ್ಲಿ ಅವಳು ನೋಡುತ್ತಿದ್ದಾಳೆ ಅನ್ನಿಸಿತು. ಬೇಡವೆಂದು ಎದ್ದು, ಬಾಗಿಲ ಹತ್ತಿರದ ಡಬ್ಬಿಯಿಂದ ತಂಗಿಯ ಹಾಂಕೋ ತಂದೆ.

ಹಾಂಕೋ ಎಂದರೆ ಹೆಸರು ಕೆತ್ತಿದ ಪುಟ್ಟ ಮುದ್ರೆ. ಇಲ್ಲಿ ಸಹಿಯ ಬದಲು ಅದನ್ನು ಒತ್ತುತ್ತಾರೆ. ಪಾರ್ಸೆಲ್ ಬಂದರೆ ನಾನೇ ಅದನ್ನು ಒತ್ತಿ ತೆಗೆದುಕೊಳ್ಳಲಿ ಎಂದು ತಂಗಿ ಅದನ್ನು ಅಲ್ಲಿ ಇಟ್ಟಿದ್ದಳು. ಆ ವಾರದ ಹಾಳೆಯ ಕೆಳಗೆ ಅದನ್ನೇ ಒತ್ತಿದೆ, ಮುಂದಿನ ವಾರವೂ. ಕೆಂಪು ಬಣ್ಣದಲ್ಲಿ ತಂಗಿಯ ಹೆಸರು ದುಂಡಗೆ ಮೂಡಿತು. ಜಪಾನಿನಲ್ಲಿ ಆ ಕೆಂಪು ಗುರುತನ್ನು ನೋಡಿದ ಮೇಲೆ ಯಾರೂ ಇನ್ನೊಂದು ಮಾತು ಕೇಳುವುದಿಲ್ಲ.

ಅದಾದ ಎರಡು ವಾರಕ್ಕೆ ಆ ಶುಕ್ರವಾರ ಬಂತು. ಹೋಟೆಲಿನಲ್ಲಿ ಅವತ್ತು ಒಬ್ಬನೇ ಇದ್ದೆ, ಮಧ್ಯಾಹ್ನದ ಗಿರಾಕಿಗಳು ಬೀದಿ ತನಕ ಸಾಲು ನಿಂತಿದ್ದರು. ತಡವಾದ ಪ್ರತಿ ತಟ್ಟೆಗೂ ಸುಮಿಮಾಸೆನ್, ಸುಮಿಮಾಸೆನ್ ಎಂದು ಕ್ಷಮೆ ಕೇಳುತ್ತಾ ತಲೆ ಬಗ್ಗಿಸಿ ಕುತ್ತಿಗೆ ನೋಯುತ್ತಿತ್ತು. ಮನೆಗೆ ಬಂದು ಕಣ್ಣು ಮುಚ್ಚಿದ್ದೆ. ಅವಳು ಬಂದು ಕೂತು, ಗುಲಾಮರ ಪಾಠ ಹೇಳಲು ಶುರು ಮಾಡಿದಳು. ಕೆಲವು ಕಡೆ ಅವರಿಗೆ ಓದು ಕಲಿಸುವುದೇ ಕಾನೂನಿಗೆ ವಿರುದ್ಧವಾಗಿತ್ತಂತೆ. ಕೆಲವರು ಕದ್ದು ಕಲಿತರಂತೆ.

"ಮಾಮಾ, ಇದನ್ನ ದೊಡ್ಡವರ ಹತ್ರ ಕೇಳಿ ಅಂತ ಟೀಚರ್ ಹೇಳಿದಾರೆ. ಒಬ್ಬರಿಗೆ ಓದಕ್ಕೆ ಬರಲಿಲ್ಲ ಅಂದ್ರೆ ಒಳಗೆ ಹೇಗೆ ಫೀಲ್ ಆಗತ್ತೆ?"

ನಾನು ಎದ್ದು ಕೂತೆ.

"ನನ್ನೇ ಹಂಗಿಸ್ತೀಯಾ?"

"ವಾಟ್? ನೋ... ಇಟ್ಸ್ ದಿ ಕ್ವೆಶ್ಚನ್..."

"ಎರಡಕ್ಷರ ಇಂಗ್ಲಿಷ್ ಬಂದ್ಬಿಟ್ರೆ ದೊಡ್ಡೋರನ್ನ ಆಡ್ಕೋಬಹುದಾ? ತಾ ಇಲ್ಲಿ ಆ ಹಾಳೆ."

ಮುದ್ರೆ ಒತ್ತಿ ಅವಳ ಕೈಗೆ ಕೊಟ್ಟೆ. ಅವಳು ಏನೋ ಹೇಳಲು ಬಾಯಿ ತೆರೆದಳು. ನಾನು ಗೋಡೆಯ ಕಡೆ ಮಗ್ಗುಲಾದೆ.

ಆಮೇಲೆ ಅವಳು ನನ್ನ ಪಕ್ಕ ಕೂರಲಿಲ್ಲ. ಶುಕ್ರವಾರ ನಾಲ್ಕಕ್ಕೆ ಹಾಳೆ ತಂದು ಟೇಬಲ್ಲಿನ ಮೇಲೆ ಇಡುವಳು, ನಾನು ಮುದ್ರೆ ಒತ್ತುವೆ, ಅವಳು ತೆಗೆದುಕೊಂಡು ಹೋಗುವಳು. ಪ್ರಶ್ನೆಯ ಜಾಗದಲ್ಲಿ ಅವಳೇ ಏನೋ ಬರೆದುಕೊಳ್ಳುತ್ತಿದ್ದಳು. ನನಗೆ ಅದರಿಂದ ನೆಮ್ಮದಿಯೇ ಆಯಿತು ಎಂದು ಒಪ್ಪಿಕೊಳ್ಳಬೇಕು. ಹತ್ತು ನಿಮಿಷ ಹೆಚ್ಚು ಮಲಗಲು ಸಿಗುತ್ತಿತ್ತು.

ಮನೆಗೆ ಕಳಿಸುವ ಹಾಳೆಯ ಅಂಚಿನಲ್ಲಿ ಟೀಚರ್ ಹಸಿರು ಪೆನ್ನಿನಲ್ಲಿ ಬರೆಯಲು ಶುರು ಮಾಡಿದರು. ಮೊದಲ ವಾರ ಒಂದು ಸಾಲು, ಆಮೇಲೆ ಎರಡು, ಆಮೇಲೆ ಅಂಚು ತುಂಬ. ಒಮ್ಮೆ ಹುಡುಗಿಯೇ, "ಅಮ್ಮಂಗೆ ಫೋಟೋ ಕಳಿಸ್ಬೇಕು ಅನ್ಸತ್ತೆ," ಎಂದಳು. "ಇಡು, ಕಳಿಸ್ತೀನಿ," ಎಂದೆ. ಕಳಿಸಲಿಲ್ಲ. ಕಳಿಸಿದರೆ ತಂಗಿ ಫೋನ್ ಮಾಡಿ, ಇದರ ಬಗ್ಗೆ ನೀನೇನಂತೀಯಾ ಎಂದು ಕೇಳುತ್ತಾಳೆ. ಓದಿದ್ದರೆ ತಾನೆ ಏನಾದರೂ ಅನ್ನುವುದು? ಫೋನಿನ ಕ್ಯಾಮೆರಾ ಹಿಡಿದರೆ ಅದೇ ಕನ್ನಡ ಮಾಡಿ ತೋರಿಸುತ್ತದೆ ಎಂದು ಹೋಟೆಲಿನಲ್ಲಿ ಯಾರೋ ಹೇಳಿದ್ದರು. ಹಿಡಿದೂ ನೋಡಲಿಲ್ಲ. ತಂಗಿ ಫುಕುವೋಕಾದಿಂದ, "ಹಾಳೆ ಆಯ್ತಾ ಅಣ್ಣಾ?" ಎಂದು ಕೇಳಿದರೆ, "ಆಯ್ತು, ಎಲ್ಲಾ ಚೆನ್ನಾಗಿದೆ," ಎನ್ನುತ್ತಿದ್ದೆ. ಹುಡುಗಿಯೇ ಕಳಿಸಬಹುದಿತ್ತಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅವಳಿಗೆ ಹದಿಮೂರು. ನನಗೆ ನಲವತ್ತೇಳು.

ಶಾಲೆಯಿಂದ ತಂಗಿಗೆ ಕರೆ ಬಂದು, ಅವಳು ಆ ಸೋಮವಾರ ಮಧ್ಯಾಹ್ನ ಟೀಚರನ್ನು ಕಂಡು ಬಂದಳು. ಚಪ್ಪಲಿ ಬಿಡುವ ಸದ್ದಿನಲ್ಲೇ ಸಿಟ್ಟು ಗೊತ್ತಾಯಿತು. ಆರು ಹಾಳೆಗಳನ್ನು ಟೇಬಲ್ಲಿನ ಮೇಲೆ ಸಾಲಾಗಿ ಇಟ್ಟಳು. ಆರರ ಕೆಳಗೂ ಅವಳ ಹೆಸರಿನ ಕೆಂಪು ಮುದ್ರೆ. ಹಸಿರು ಬರಹವನ್ನು ಅವಳು ಕನ್ನಡದಲ್ಲಿ ಓದಿ ಹೇಳಿದಾಗ ನನಗೆ ಮೊದಲ ಸಲ ಗೊತ್ತಾಯಿತು, ಅದರಲ್ಲಿ ಏನಿತ್ತು ಎಂದು. ಇವಳು ಕ್ಲಾಸಿನಲ್ಲಿ ಮಾತಾಡುವುದನ್ನೇ ಬಿಟ್ಟಿದ್ದಾಳೆ. ಎದ್ದು ನಿಲ್ಲುತ್ತಾಳೆ, ಹೇಳದೆ ಕೂರುತ್ತಾಳೆ. ಮನೆಯಲ್ಲಿ ಏನಾದರೂ ಆಯಿತೇ? ದಯವಿಟ್ಟು ನನ್ನನ್ನು ಭೇಟಿಯಾಗಿ. ಪ್ರತಿ ವಾರ ಮುದ್ರೆ ಬಿದ್ದೇ ಬರುತ್ತಿದ್ದರಿಂದ ತಾಯಿ ಓದಿಯೂ ಸುಮ್ಮನಿದ್ದಾರೆ ಎಂದು ಟೀಚರ್ ತಿಳಿದಿದ್ದರು.

"ಹಿಸ್ಟರಿ ಫೇಲು," ಎಂದಳು ತಂಗಿ ಮಗಳಿಗೆ. "ಅದು ಹಾಳಾಗಿ ಹೋಗ್ಲಿ. ನನ್ನ ಸೀಲ್ ಕದ್ದು ಒತ್ತಿದೀಯಲ್ಲೇ!"

"ಐ ಡಿಡಂಟ್."

"ಮತ್ತೆ ಯಾರು ಒತ್ತಿದ್ದು? ಟೀಚರ್ ಕೇಳಿದ್ದಕ್ಕೆ ಏನಂದ್ಯಂತೆ? 'ಮಾಮಾ' ಅಂದ್ಯಂತೆ! 'ಷಿ ಸೇಸ್ ಹರ್ ಮಾಮಾ ಸ್ಟ್ಯಾಂಪ್ಡ್ ಇಟ್' ಅಂತ ನನ್ನ ಮುಖಕ್ಕೇ ಹೇಳಿದ್ರು. ನಾನು ಯಾವಾಗಮ್ಮಾ ಒತ್ತಿದೆ? ನಾನು ಊರಲ್ಲೇ ಇರ್ಲಿಲ್ಲ!"

ಇಂಗ್ಲಿಷಿನಲ್ಲೂ ಜಪಾನೀಯಲ್ಲೂ ಮಾಮಾ ಎಂದರೆ ಅಮ್ಮ. ಹುಡುಗಿ ಟೀಚರಿಗೆ ನಿಜವನ್ನೇ ಹೇಳಿದ್ದಳು, ತಾನು ಹುಟ್ಟಿದಾಗಿನಿಂದ ನನ್ನನ್ನು ಕರೆಯುವ ಪದದಲ್ಲಿ. ಟೀಚರಿಗೆ ಅದು ಬೇರೆಯಾಗಿ ಕೇಳಿಸಿತು. ಟೀಚರ ಬಾಯಿಂದ ಬಂದದ್ದರಿಂದ ತಂಗಿಗೂ ಹಾಗೇ ಕೇಳಿಸಿತು. ನನಗೆ ಮಾತ್ರ ಸರಿಯಾಗಿ ಕೇಳಿಸಿತು. ಹುಡುಗಿ ನನ್ನ ಕಡೆ ನೋಡಿದಳು. ಆಗಲೇ ತಂಗಿ ನನ್ನ ಕಡೆ ತಿರುಗಿ ಕೇಳಿದ್ದು, ನಾನು ತಲೆ ಅಲ್ಲಾಡಿಸಿ ಲೋಟ ತೊಳೆಯಲು ಹೋದದ್ದು.

ಟೀಚರ್ ಒಂದು ದಾರಿ ಬಿಟ್ಟಿದ್ದರು. ಮಾತಾಡಲು ಕಷ್ಟವಾದ ಮಕ್ಕಳಿಗೆ ಇನ್ನೊಂದು ಪರೀಕ್ಷೆ ಕೊಡುತ್ತಾರೆ, ಅದರಲ್ಲಿ ಕಲಿತದ್ದನ್ನು ಹೇಳಿದರೆ ಪಾಸು. ಆದರೆ ಸಹಿ ಕದ್ದವರಿಗೆ ಆ ಅವಕಾಶ ಇಲ್ಲ. ಅವರು ಅದೇ ಕ್ಲಾಸಿನಲ್ಲಿ ಇನ್ನೊಂದು ವರ್ಷ ಕೂರಬೇಕು. ಏನು ನಡೆಯಿತು ಎಂದು ಹುಡುಗಿ ತನ್ನ ಕೈಯಲ್ಲೇ ಪತ್ರ ಬರೆದು ಮುಂದಿನ ಮಂಗಳವಾರ ತರಬೇಕು. "ಒಪ್ಕೊಂಡು ಬರಿ. ಫೇಲಾದ್ರೂ ಪರವಾಗಿಲ್ಲ, ಸುಳ್ಳಿ ಅನ್ನಿಸ್ಕೋಬೇಡ," ಎಂದು ಹೇಳಿ, ಮರುದಿನ ತಂಗಿ ಫುಕುವೋಕಾಗೆ ಹೋದಳು.

ನಾನೂ ಹುಡುಗಿಯೂ ನಾಲ್ಕು ದಿನ ಒಂದೇ ಮನೆಯಲ್ಲಿ ಓಡಾಡಿದೆವು. ಅವಳಿಗೆ ಇಷ್ಟವೆಂದು ತೆಳ್ಳಗೆ ದೋಸೆ ಹೊಯ್ದು ಕೊಟ್ಟೆ. ತಿಂದು, ತಟ್ಟೆ ತೊಳೆದಿಟ್ಟಳು. ಶುಕ್ರವಾರ ಅವಳು ಬಂದಾಗ ನಾನು ಮಲಗಿರಲಿಲ್ಲ.

"ಹಾಳೆ ತಾ, ಇವತ್ತು ಕೇಳ್ತೀನಿ," ಎಂದೆ.

"ಬೇಡ ಅಂಕಲ್."

"ಏನಂದೆ?"

"ಅಂಕಲ್. ಮಾಮಾ ಅಂದ್ರೆ ಇಲ್ಲಿ ಎಲ್ರಿಗೂ ಕನ್‌ಫ್ಯೂಸ್ ಆಗತ್ತೆ. ಟೀಚರ್‌ಗೂ, ಅಮ್ಮಂಗೂ."

ದನಿಯಲ್ಲಿ ಕೋಪವಿರಲಿಲ್ಲ. ತಪ್ಪು ವಿಳಾಸವನ್ನು ಸರಿಪಡಿಸುವವರ ಹಾಗೆ ಹೇಳಿದಳು. ತನ್ನ ಕೋಣೆಯ ಬಾಗಿಲ ತನಕ ಹೋದವಳು ಅಲ್ಲಿಂದಲೇ ಇನ್ನೊಂದು ಮಾತು ಹೇಳಿದಳು.

"ನಿಂಗೆ ಓದಕ್ಕೆ ಬರಲ್ಲ ಅಂತ ನಾನು ಯಾರಿಗೂ ಹೇಳಲ್ಲ. ಪ್ರಾಮಿಸ್."

ಅವಳಿಗೆ ಗೊತ್ತಿತ್ತು. ಯಾವಾಗಿನಿಂದ ಎಂದು ನಾನು ಕೇಳಲಿಲ್ಲ. ನನ್ನ ಗುಟ್ಟನ್ನು ಕಾಯುವುದಕ್ಕೆ ಅವಳು ಕಳ್ಳಿ ಅನ್ನಿಸಿಕೊಳ್ಳುತ್ತಿದ್ದಳು. ಐದೂವರೆಗೆ ಹೋಟೆಲಿಗೆ ಹೋದೆ. ನಾಲ್ಕು ನಾನ್ ಸುಟ್ಟು ಕರಕಲು ಮಾಡಿದೆ. ಅವತ್ತೇ ತಂಗಿಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಶನಿವಾರ ಅವಳು ಬಂದಳು, ಹೇಳಲಿಲ್ಲ. ಭಾನುವಾರ ಹೋಟೆಲಿನಲ್ಲಿ ಗಿರಾಕಿ ಜಾಸ್ತಿ ಎಂದು ನೆಪ ಹೇಳಿಕೊಂಡೆ.

ಸೋಮವಾರ ನಾಲ್ಕೂವರೆಗೆ ತಂಗಿ ಮಗಳನ್ನು ಟೇಬಲ್ಲಿಗೆ ಕೂರಿಸಿ ಮುಂದೆ ಬಿಳಿ ಹಾಳೆ ಇಟ್ಟಳು.

"ಬರಿ. ಐ ಟುಕ್ ಮೈ ಮದರ್ಸ್ ಸೀಲ್. ಅಲ್ಲಿಂದ ಶುರು ಮಾಡು."

ಹುಡುಗಿ ಪೆನ್ನು ಹಿಡಿದಳು. 'ಐ' ಎಂಬ ಒಂದು ಅಕ್ಷರ ಬರೆದಳು. ಅಷ್ಟು ನನಗೂ ಓದಲು ಬಂತು.

"ಅವಳು ತಗೊಂಡಿಲ್ಲ," ಎಂದೆ.

ತಂಗಿ ತಲೆ ಎತ್ತಿದಳು.

"ಒತ್ತಿದ್ದು ನಾನು. ಆರೂ ನಾನೇ. ಅವಳು ಮಾಮಾ ಅಂದಿದ್ದು ನನ್ನ."

ತಂಗಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ತುಟಿಯಲ್ಲೇ "ಮಾಮಾ" ಎಂದುಕೊಂಡಳು.

"ಒಂದು ಫೋಟೋ ಕಳ್ಸೋಕೆ ಏನಾಗಿತ್ತು ಅಣ್ಣಾ ನಿಂಗೆ? ಅಷ್ಟುದ್ದ ಬರೆದಿದಾರೆ, ಓದಿ ಸುಮ್ನಿದ್ಯಾ?"

"ಓದಿಲ್ಲ. ನಂಗೆ ಓದಕ್ಕೆ ಬರಲ್ಲ ಕಣೇ."

"ಏನ್ ಬರಲ್ಲ?"

"ಇಂಗ್ಲಿಷು. ಹೆಸರು ಗಿಸರು ಓದ್ತೀನಿ. ಸಾಲು ಬಂದ್ರೆ ಗೊತ್ತಾಗಲ್ಲ. ಯಾವತ್ತೂ ಗೊತ್ತಾಗ್ತಿರ್ಲಿಲ್ಲ. ನಿನ್ನ ಮುಂದೆ ಹೇಳ್ಕೊಳ್ಳೋಕೆ ನಾಚಿಕೆ ಆಗ್ತಿತ್ತು. ತಪ್ಪಾಯ್ತು. ಹೋದ ವಾರ ನೀನು ಕೇಳ್ದಾಗ್ಲೇ ಹೇಳ್ಬೇಕಿತ್ತು."

ಅವಳು ನನ್ನನ್ನು ಬಯ್ಯುತ್ತಾಳೆ ಎಂದು ಕಾದೆ. ಬಯ್ಯಲಿಲ್ಲ. ಮಗಳ ಮುಂದಿದ್ದ ಹಾಳೆಯನ್ನು ಎಳೆದುಕೊಂಡು ನಾಲ್ಕು ಮಡಿಕೆ ಮಡಚಿ ಪಕ್ಕಕ್ಕಿಟ್ಟಳು.

"ಟೀಚರ್‌ಗೆ ನಾನು ಬರೀತೀನಿ, ಇದ್ದಿದ್ದನ್ನ ಇದ್ದಂಗೆ," ಎಂದಳು. "ನಂಗ್ಯಾಕೆ ತಪ್ಪಾಯ್ತು ಅಂತೀಯಾ? ಒಂದು ವಾರದಿಂದ ಇವಳನ್ನ ಕಳ್ಳಿ ಅಂತಿದೀನಿ ನಾನು. ನನ್ನ ಲೆಕ್ಕ ನಾನು ಆಮೇಲೆ ನೋಡ್ಕೋತೀನಿ. ಮೊದ್ಲು ನೀನು ಹೇಳು, ಅವಳಿಗೆ."

ಹುಡುಗಿ ಪೆನ್ನಿನ ಮುಚ್ಚಳವನ್ನು ಹಾಕುವುದು, ತೆಗೆಯುವುದು ಮಾಡುತ್ತಿದ್ದಳು. ನಾನು ಅವಳೆದುರಿನ ಕುರ್ಚಿ ಎಳೆದು ಕೂತೆ. ನಲವತ್ತೇಳು ವರ್ಷದಲ್ಲಿ ನಮ್ಮ ಮನೆಯ ಮಕ್ಕಳಿಗೆ ಈ ಮಾತನ್ನು ನಾನಾಗಲಿ, ನನ್ನ ಅಪ್ಪನಾಗಲಿ ಹೇಳಿದ್ದು ನೆನಪಿಲ್ಲ.

"ತಪ್ಪಾಯ್ತು ಪುಟ್ಟೀ," ಎಂದೆ. "ಒತ್ತಿದ್ದು ನಾನು, ಬೈಸ್ಕೊಂಡಿದ್ದು ನೀನು. ನೋಡ್ಕೊಂಡು ಸುಮ್ನಿದ್ದೆ. ಅವತ್ತು ನೀನು ಆ ಪ್ರಶ್ನೆ ಕೇಳಿದ್ದು ಹಂಗಿಸೋಕಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಬಾಯಿ ಮುಚ್ಚಿಸ್ದೆ. ತಪ್ಪಾಯ್ತಮ್ಮಾ. ನಂದೇ ತಪ್ಪು."